ತೋಟದ ಇರುಳು, ತೊಟ್ಟಿಲ ನಿದ್ದೆ

ಸಕಲೇಶಪುರ, ಆಲೂರು ಸೀಮೆಯಲ್ಲಿ ಮಳೆಗಾಲದ ಇರುಳು ಬೇಗನೆ ಕವಿಯುತ್ತದೆ. ಹೆಂಚಿನ ಮೇಲೆ ಮಳೆಯ ಸದ್ದು, ದೂರದಲ್ಲಿ ಕಾಡಾನೆ ಓಡಿಸಲು ಸಿಡಿಸುವ ಪಟಾಕಿ, ಇವುಗಳ ನಡುವೆ ತೋಟದ ಲೈನ್‌ಮನೆಯಿಂದ ಹಸುಗೂಸಿನ ಅಳು. ಬೆಳಗಾದರೆ ಕೆಲಸಕ್ಕೆ ಹಾಜರಾಗಬೇಕಾದ ತಾಯಿಗೆ ಅದು ಮರುದಿನದ ಕೂಲಿಯ ಪ್ರಶ್ನೆಯೂ ಹೌದು. ತೋಟದ ಬಂಗಲೆಯ ಕೂಸೂ ಹೀಗೆಯೇ ಅಳುತ್ತದೆ. ಮಗುವಿನ ನಿದ್ದೆಗೆ ಅಂತಸ್ತಿನ ಭೇದವಿಲ್ಲ. ತಾಯಿಯ ನಿದ್ದೆಗೆ ಇದೆ.

ಮಗು ರಾತ್ರಿಯನ್ನು ಹಗಲು ಮಾಡಿಕೊಂಡಿದೆ ಎಂದು ಅಜ್ಜಿ ದೃಷ್ಟಿ ನಿವಾಳಿಸುತ್ತಾಳೆ. ವಾಸ್ತವವಾಗಿ ನವಜಾತ ಶಿಶುವಿಗೆ ಹಗಲು–ಇರುಳಿನ ಅರಿವೇ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೊದಲ ಮೂರು ತಿಂಗಳು ಮಗುವಿಗೆ ದಿನಕ್ಕೆ 14ರಿಂದ 17 ತಾಸು ನಿದ್ದೆ ಬೇಕು. ಆದರೆ ಪುಟ್ಟ ಹೊಟ್ಟೆ ಎರಡು ಮೂರು ತಾಸಿಗೊಮ್ಮೆ ಹಾಲು ಬೇಡುವುದರಿಂದ ಆ ನಿದ್ದೆ ತುಂಡುತುಂಡಾಗಿರುತ್ತದೆ. ಕತ್ತಲಾದಾಗ ನಿದ್ದೆ ತರುವ ಮೆಲಟೋನಿನ್ ಮಗುವಿನ ದೇಹದಲ್ಲಿ ಲಯಬದ್ಧವಾಗಿ ಸ್ರವಿಸತೊಡಗುವುದು ಸುಮಾರು ಮೂರನೆಯ ತಿಂಗಳಿಂದ. ಅಲ್ಲಿಯವರೆಗೆ ತಾಯಿಯ ರಾತ್ರಿಯ ಎದೆಹಾಲಿನಲ್ಲೇ ಅದು ಅಷ್ಟಿಷ್ಟು ದೊರೆಯುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಹಗಲಲ್ಲಿ ಬೆಳಕು, ಮಾತು, ಆಟ. ರಾತ್ರಿ ಹಾಲೂಡಿಸುವಾಗ ಮಂದ ದೀಪ, ಮೆಲುದನಿ. ದಿನವೂ ಅದೇ ಹೊತ್ತಿಗೆ ಸ್ನಾನ, ಹಾಲು, ಜೋಗುಳ. ಪೂರ್ತಿ ನಿದ್ದೆಗೆ ಜಾರುವ ಮೊದಲೇ, ಕಣ್ಣು ಜೋಂಪಾಗಿರುವಾಗ ಮಲಗಿಸಿದರೆ ತಾನಾಗಿ ನಿದ್ರಿಸುವುದನ್ನು ಮಗು ಕಲಿಯುತ್ತದೆ. ಅಳಲು ಬಿಟ್ಟು ದೂರ ನಿಲ್ಲುವ ಪಾಶ್ಚಾತ್ಯ ಕ್ರಮ, 1985ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ ಅವರ ಪುಸ್ತಕದಿಂದ ಹೆಸರಾದದ್ದು, ಎಳೆಗೂಸುಗಳಿಗಲ್ಲ. ಒಂದೇ ಕೋಣೆಯ ಲೈನ್‌ಮನೆಗಂತೂ ಹೊಂದುವುದೇ ಇಲ್ಲ. ತಾಯಿಯಿರುವ ಕೋಣೆಯಲ್ಲೇ, ಆದರೆ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಿಸಿ ಎಂಬುದೇ ಇಂದಿನ ಶಿಶುವೈದ್ಯರ ಸಲಹೆ.

ಮಲೆನಾಡಿನ ಕೆಲವು ರೂಢಿಗಳನ್ನು ಮಾತ್ರ ಬಿಡಲೇಬೇಕು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿಡುವ ಕೆಂಡದ ಅಗ್ಗಿಷ್ಟಿಕೆ ವಾಸನೆಯೇ ಇಲ್ಲದ ವಿಷಾನಿಲ ಸೂಸುತ್ತದೆ. ಮುಖ ಮುಚ್ಚುವ ದಪ್ಪ ಕಂಬಳಿ, ಕುತ್ತಿಗೆ ಬಾಗುವ ಸೀರೆಯ ಜೋಲಿ, ಶೀತಕ್ಕೆಂದು ನೆಕ್ಕಿಸುವ ಬ್ರಾಂದಿ ಇವೆಲ್ಲ ಅಪಾಯಕಾರಿ. ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಕ್ಷೇಮ. 1994ರಲ್ಲಿ ಅಮೆರಿಕ ಇದನ್ನೇ ಆಂದೋಲನವಾಗಿಸಿದ ಮೇಲೆ ಅಲ್ಲಿ ಶಿಶುಗಳ ಹಠಾತ್ ಸಾವು ಸುಮಾರು ಅರ್ಧಕ್ಕಿಳಿಯಿತು.

ಕಾಫಿಯ ನಾಡಿಗೆ ಇನ್ನೊಂದು ಮಾತು ಹೇಳಲೇಬೇಕು. ತಾಯಿ ಕುಡಿದ ಕಾಫಿಯ ಕೆಫೀನ್ ಎದೆಹಾಲಿಗೂ ಇಳಿಯುತ್ತದೆ. ದೊಡ್ಡವರ ದೇಹದಲ್ಲಿ ಸುಮಾರು ಐದು ತಾಸಿನಲ್ಲಿ ಅರ್ಧದಷ್ಟು ಕರಗುವ ಕೆಫೀನ್‌ಗೆ ನವಜಾತ ಶಿಶುವಿನಲ್ಲಿ ಮೂರು ದಿನಕ್ಕೂ ಹೆಚ್ಚು ಬೇಕು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಇಮ್ಮಡಿ ಕೆಫೀನ್ ಇರುವುದನ್ನೂ ನೆನೆಯಬೇಕು. ಬಾಣಂತಿ ಕಾಫಿಯನ್ನು ಪೂರ್ತಿ ತೊರೆಯಬೇಕಿಲ್ಲ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿದ್ದರೆ ಚಿಂತೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲೇ ಹೇಳಿದೆ. ಒಂದೆರಡು ಸಣ್ಣ ಲೋಟ ಸಾಕು.

ಇಷ್ಟೆಲ್ಲ ತಿಳಿದರೂ ಒಬ್ಬಳೇ ಎಚ್ಚರವಿರಬೇಕಾದ ತಾಯಿಗೆ ಈ ತಿಳಿವಳಿಕೆಯಿಂದ ಆಗುವ ಉಪಕಾರ ಕಡಿಮೆ. 50ಕ್ಕೂ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಆದರೆ ಕೊಯ್ಲಿನ ಹಂಗಾಮಿಗಷ್ಟೇ ಬಂದುಹೋಗುವ ದಿನಗೂಲಿಯ ಹೆಣ್ಣಿಗೆ ಇವೆರಡೂ ದಕ್ಕುವುದು ಸುಲಭವಲ್ಲ. ಮನೆಯೊಳಗೂ ಅಷ್ಟೇ: ರಾತ್ರಿ ಬಟ್ಟೆ ಬದಲಿಸುವುದು, ತೇಗು ಬರಿಸುವುದು, ತಟ್ಟಿ ಮಲಗಿಸುವುದು ಅಪ್ಪನಿಂದಲೂ ಆಗುವ ಕೆಲಸಗಳು. ಆನೆ ಬಂದ ರಾತ್ರಿ ಇಡೀ ಊರು ಸರದಿಯಲ್ಲಿ ಕಾವಲು ಕಾಯುತ್ತದೆ. ತೊಟ್ಟಿಲ ಬಳಿಯೂ ಅಂಥ ಸರದಿಯೊಂದು ಏರ್ಪಟ್ಟರೆ ಮಗುವಿನ ಜತೆಗೆ ತಾಯಿಯೂ ನಿದ್ರಿಸಿಯಾಳು.