ಹೆಸರಿಗೆ ತೆರುವ ಬೆಲೆ

ಅಡಿಗೆಯ ಉಪ್ಪು ಸೋಡಿಯಂ ಕ್ಲೋರೈಡು, ಸಕ್ಕರೆ ಸುಕ್ರೋಸು. ಯಾವ ಪೊಟ್ಟಣದಿಂದ ಸುರಿದರೂ ಇವುಗಳ ರಾಸಾಯನಿಕ ಸ್ವರೂಪ ಬದಲಾಗದು. ಹೀಗಿದ್ದರೂ ಅಮೆರಿಕದ ಮಳಿಗೆಗಳಲ್ಲಿ ಹೆಸರಾಂತ ಕಂಪೆನಿಯ ಸರಕಿಗೆ ಬೆಲೆ ಹೆಚ್ಚು. ಮಳಿಗೆಯವರು ತಮ್ಮದೇ ಮುದ್ರೆಯೊತ್ತಿ ಮಾರುವ ಸರಕಿಗೆ ಕಡಿಮೆ. ಹೆಚ್ಚು ತೆತ್ತವರಿಗೆ ಹೆಚ್ಚಿನ ಗುಣ ದೊರೆಯುವುದೆ?

ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನರಿಯಲು ಒಂದು ಸೊಗಸಾದ ಮಾರ್ಗವನ್ನು ಹಿಡಿದರು. ಸರಕಿನ ಮರ್ಮ ಬಲ್ಲವರು ತಮ್ಮ ಮನೆಗೆ ಏನನ್ನು ಕೊಳ್ಳುತ್ತಾರೆಂದು ಸಾವಿರಾರು ಕುಟುಂಬಗಳ ಖರೀದಿಯ ಲೆಕ್ಕದಿಂದ ಪರಿಶೀಲಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಿತ್ತ ಉದಾಹರಣೆಯೊಂದನ್ನು ನೋಡೋಣ. 325 ಮಿಲಿಗ್ರಾಂ ತೂಕದ 100 ಆಸ್ಪಿರಿನ್ ಗುಳಿಗೆಗಳಿಗೆ ಪ್ರಸಿದ್ಧ ಹೆಸರಿನಲ್ಲಿ 6.29 ಡಾಲರು, ಮಳಿಗೆಯ ಹೆಸರಿನಲ್ಲಿ 1.99 ಡಾಲರು. ಔಷಧವೊಂದೇ, ಪ್ರಮಾಣವೂ ಒಂದೇ. ಇದನ್ನರಿತ ಔಷಧತಜ್ಞರು ತಲೆನೋವಿನ ಗುಳಿಗೆ ಕೊಳ್ಳುವಾಗ ಇತರರಿಗಿಂತ ಹೆಚ್ಚಾಗಿ ಅಗ್ಗದ್ದನ್ನೇ ಆರಿಸಿದ್ದರು. ಉಪ್ಪು, ಸಕ್ಕರೆ, ಅಡಿಗೆ ಸೋಡಗಳ ವಿಷಯದಲ್ಲಿ ವೃತ್ತಿಯ ಬಾಣಸಿಗರೂ ಹಾಗೆಯೇ ಮಾಡಿದ್ದರು.

ಆದರೆ ಈ ನ್ಯಾಯ ಎಲ್ಲಕ್ಕೂ ಸಲ್ಲದು. ಬಿಸ್ಕತ್ತು, ಜಾಮು, ಕಾಫಿಪುಡಿಗಳಲ್ಲಿ ಕಚ್ಚಾವಸ್ತು, ಹದ, ಮಿಶ್ರಣಗಳು ಬೇರೆಬೇರೆ. ಅಲ್ಲಿ ನಾಲಗೆಯೇ ತೀರ್ಪುಗಾರ. ಒಂದೇ ವಸ್ತುವಿನಿಂದಾದ ಪದಾರ್ಥಗಳಲ್ಲಾದರೋ, ಘಟಕಗಳ ಪಟ್ಟಿಯನ್ನು ಓದಿ, ತೂಕಕ್ಕೆ ಬೆಲೆಯೆಷ್ಟೆಂದು ಲೆಕ್ಕ ಹಾಕಿದರೆ ಸಾಕು. ಎರಡೂ ಪೊಟ್ಟಣಗಳಲ್ಲಿ ಇರುವುದು ಒಂದೇ ಆದಾಗ, ನಾವು ಹೆಚ್ಚಾಗಿ ತೆರುವ ಹಣ ಹೆಸರಿಗೇ ಹೊರತು ಸರಕಿಗಲ್ಲ.