ದುಡಿಯ ಹಾಡಿಗೆ ಪುಸ್ತಕ ಕಟ್ಟಿದ ಪೊಲೀಸ್

ಕೊಡವರ ಸಾಂಪ್ರದಾಯಿಕ ಹಾಡು ಬಾಳೋಪಾಟ್ ಹಾಡಲು ನಾಲ್ವರು ಬೇಕು. ಒಂದು ಕೈಯಲ್ಲಿ ನಡು ಸಣ್ಣಗಿರುವ ಪುಟ್ಟ ದುಡಿ, ಇನ್ನೊಂದರಲ್ಲಿ ಅದನ್ನು ಬಡಿಯುವ ಕಡ್ಡಿ. ಇಬ್ಬರು ಸಾಲು ಎತ್ತಿದರೆ ಉಳಿದಿಬ್ಬರು ಅದನ್ನು ಹಿಡಿದುಕೊಳ್ಳುತ್ತಾರೆ. ಅಷ್ಟರಲ್ಲಿ ಮೊದಲಿನವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸಾಲು ನೆನಪಿಸಿಕೊಳ್ಳಲು ಬಿಡುವು. ಮದುವೆಗೆ, ಸಾವಿಗೆ, ಸುಗ್ಗಿಯ ಹಬ್ಬ ಪುತ್ತರಿಗೆ, ಕಾವೇರಿ ಸಂಕ್ರಮಣಕ್ಕೆ ಬೇರೆ ಬೇರೆ ಹಾಡು. ಎಲ್ಲವೂ ಬಾಯಿಂದ ಬಾಯಿಗೆ ಬಂದವು. ಬಲ್ಲ ಹಿರಿಯರೊಬ್ಬರು ತೀರಿಕೊಂಡರೆ ಒಂದಷ್ಟು ಹಾಡೂ ಅವರ ಜೊತೆಗೇ ಹೋಗುತ್ತಿತ್ತು.

ಇವನ್ನೆಲ್ಲ ಕೂಡಿಸಲು ಹೊರಟವರು ವಿದ್ವಾಂಸರಲ್ಲ, ಪೊಲೀಸ್. ನಡಿಕೇರಿಯಂಡ ಚಿಣ್ಣಪ್ಪ (1875–1931) ಮೊದಲು ಸೈನ್ಯದಲ್ಲಿದ್ದರು, ಮೇಷ್ಟರಾದರು, ಪೊಲೀಸ್ ಇಲಾಖೆಯಲ್ಲೂ ದುಡಿದರು. ಪೊಲೀಸಿನವರು ಮನೆ ಬಾಗಿಲಿಗೆ ಬಂದು ಹಾಡಿ ಅಂದರೆ ಯಾರಿಗಾದರೂ ಗಂಟಲು ಒಣಗೀತು! ಚಿಣ್ಣಪ್ಪ ಸ್ವತಃ ಹಾಡುಗಾರರು. ಆ ಭಯ ಬಿಡಿಸಿದ್ದು ಅದೇ ಇರಬೇಕು. ಹಾಡುಗಾರನಿಗೆ ಇನ್ನೊಬ್ಬ ಹಾಡುಗಾರ ನುಂಗಿದ ಸಾಲು ಥಟ್ಟನೆ ಗೊತ್ತಾಗುತ್ತದೆ, ಹೊರಗಿನವನಿಗೆ ಗೊತ್ತಾಗುವುದಿಲ್ಲ. ಚಿಣ್ಣಪ್ಪನವರಿಗೂ ಮುಂಚೆ, 1870ರ ಸುಮಾರಿಗೇ ಬಾಸೆಲ್ ಮಿಶನ್ನಿನ ಗ್ರೇಟರ್ ಮಂಗಳೂರಿನಲ್ಲಿ ಕೆಲವು ಕೊಡವ ಹಾಡುಗಳನ್ನು ಅಚ್ಚು ಹಾಕಿಸಿದ್ದರು, ಜೊತೆಗೊಂದಿಷ್ಟು ವ್ಯಾಕರಣ. ಅದು ಭಾಷೆ ಕಲಿಯುವವರ ಪುಸ್ತಕ. ಚಿಣ್ಣಪ್ಪನವರದು ಹಾಡು ಬಾಳುವವರ ಪುಸ್ತಕ.

ಆ ಪುಸ್ತಕವೇ 1924ರಲ್ಲಿ ಬಂದ 'ಪಟ್ಟೋಲೆ ಪಳಮೆ'. ಭಾಷೆ ಕೊಡವ ತಕ್ಕ್, ಲಿಪಿ ಕನ್ನಡ. ಸುಮಾರು ಮೂರರಲ್ಲಿ ಎರಡು ಪಾಲು ಹಾಡು, ಉಳಿದದ್ದು ಪದ್ಧತಿ, ಗಾದೆ, ಒಗಟು. ಯಾವ ಹಾಡು ಯಾವ ಹೊತ್ತಿನದು ಎಂಬುದು ಅದರ ಆಚರಣೆಯ ಜೊತೆಗೇ ಸಿಗುತ್ತದೆ. ಈ ಪುಸ್ತಕದ ನಿಜವಾದ ಬೆಲೆ ನನಗೆ ಕಾಣುವುದು ಅಲ್ಲೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ, ಸಮಾಜದ ಬಗ್ಗೆ ತಮ್ಮ ಹೆಸರಾಂತ ಗ್ರಂಥ ಪ್ರಕಟಿಸಿದಾಗ ಮತ್ತೆ ಮತ್ತೆ ತಿರುವಿ ಹಾಕಿದ್ದು ಈ ಪುಟಗಳನ್ನೇ. ಚಿಣ್ಣಪ್ಪ ಅಷ್ಟಕ್ಕೇ ನಿಲ್ಲಲಿಲ್ಲ, ಭಗವದ್ಗೀತೆಯನ್ನೂ ಕೊಡವ ತಕ್ಕಿಗೆ ತಂದರು.

ಸಂಗ್ರಹವೊಂದು ಏನು ಮಾಡಬಲ್ಲದು ಎಂಬುದಕ್ಕೆ ದೂರದ ನಿದರ್ಶನವೂ ಉಂಟು. 1970ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ 'ನೋ ವೇವ್' ಎಂಬ ಕರ್ಕಶ ಸಂಗೀತ ಹುಟ್ಟಿ, ನಾಲ್ಕೇ ದಿನದಲ್ಲಿ ಚದುರಿತು. 1978ರಲ್ಲಿ ಸಂಗೀತ ನಿರ್ಮಾಪಕ ಬ್ರಯಾನ್ ಈನೋ ನಾಲ್ಕು ತಂಡಗಳನ್ನು ಸೇರಿಸಿ ತಂದ 'ನೋ ನ್ಯೂಯಾರ್ಕ್' ಆಲ್ಬಮ್ ಇರದಿದ್ದರೆ ಇಷ್ಟೊಂದು ಜನ ಇಂದು ಅದನ್ನು ಕೇಳುತ್ತಿರಲಿಲ್ಲ. ಈನೋ ಅವರ ಕೈಯಲ್ಲಿ ಧ್ವನಿಮುದ್ರಣ ಯಂತ್ರವಿತ್ತು, ಚಿಣ್ಣಪ್ಪನವರ ಕೈಯಲ್ಲಿ ಇದ್ದದ್ದು ಲೇಖನಿ. ಹೀಗಾಗಿ ನಮಗೆ ಸಿಕ್ಕಿದ್ದು ಮಾತು. ದುಡಿಯ ಪೆಟ್ಟು ಎಲ್ಲಿ ಬೀಳಬೇಕು, ದನಿ ಎಲ್ಲಿ ಎಳೆಯಬೇಕು ಎಂಬುದು ಇನ್ನೂ ಹಾಡುಗಾರರ ಬಳಿಯೇ ಇದೆ.

2002ರಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಪುಸ್ತಕದ ನಾಲ್ಕನೇ ಮುದ್ರಣ ತಂದಿತು. ಮರುವರ್ಷ ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಅವರ ಇಂಗ್ಲಿಷ್ ಅನುವಾದವೂ ಬಂತು. ಪುಸ್ತಕದ ಕೆಲಸ ಮುಗಿದಂತೆಯೇ, ಇನ್ನು ಉಳಿದದ್ದು ದನಿ. ನಿಮ್ಮ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ದುಡಿ ಹಿಡಿಯುವ ಹಿರಿಯರಿದ್ದರೆ ಬರುವ ಪುತ್ತರಿಗೆ ಅವರ ಹಾಡನ್ನು ಮೊಬೈಲಿನಲ್ಲಿ ಪೂರ್ತಿ ಹಿಡಿದಿಡಿ, ಹಾಡಿದವರ ಹೆಸರು, ಊರು ಸಮೇತ.