‘ಮಾ’ ಎಂಬ ಒಂದಕ್ಷರ



ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಸಾತವಾಹನ ರಾಜನ ಜಲಕ್ರೀಡೆಯ ಪ್ರಸಂಗವೊಂದಿದೆ. ಅರಸನೆರಚಿದ ನೀರಿನಿಂದ ಬಳಲಿದ ರಾಣಿಯು ‘ಮೋದಕೈಃ’ ಎಂದು ಅವನನ್ನು ತಡೆದಳು. ‘ಮಾ’ ಎಂದರೆ ಬೇಡ, ‘ಉದಕೈಃ’ ಎಂದರೆ ನೀರಿನಿಂದ. ಗುಣಸಂಧಿಯಲ್ಲಿ ಇವೆರಡೂ ಕೂಡಿದ್ದವು. ವ್ಯಾಕರಣವರಿಯದ ಅರಸನಿಗೆ ಕೇಳಿಸಿದ್ದು ತಿನ್ನುವ ಮೋದಕ! ಒಡನೆಯೇ ಮೋದಕಗಳನ್ನು ತರಿಸಿದನು. ರಾಣಿ ನಕ್ಕಳು, ಅರಸನು ನಾಚಿ ಮೌನವಾದನು.

ಆರು ವರ್ಷಗಳಲ್ಲಿ ವ್ಯಾಕರಣ ಕಲಿಸುವೆನೆಂದನು ಗುಣಾಢ್ಯ. ಆರೇ ತಿಂಗಳು ಸಾಕೆಂದನು ಶರ್ವವರ್ಮ. ಹಾಗಾದಲ್ಲಿ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆಯುವೆನೆಂದು ಪಣತೊಟ್ಟ ಗುಣಾಢ್ಯನು ಸೋತು, ಕಡೆಗೆ ಪೈಶಾಚಿಯಲ್ಲಿ ‘ಬೃಹತ್ಕಥೆ’ಯನ್ನು ರಚಿಸಿದನು. ನಮ್ಮ ದುರ್ಗಸಿಂಹನು ತನ್ನ ‘ಪಂಚತಂತ್ರ’ದ ಕಥೆಗಳ ಮೂಲವೆಂದು ನೆನೆಯುವುದು ಈ ‘ಬೃಹತ್ಕಥೆ’ಯನ್ನೇ. ಐತಿಹ್ಯವನ್ನು ನಂಬುವುದಾದರೆ, ಒಂದು ‘ಮಾ’ ತಪ್ಪಾಗಿ ಕೇಳಿಸಿದ್ದರಿಂದ ಒಂದು ಮಹಾಕೃತಿಯೇ ಹುಟ್ಟಿತು.

ಈ ಅಕ್ಷರಕ್ಕೆ ಸಂಸ್ಕೃತದೊಳಗೇ ಬೇರೆ ಅರ್ಥಗಳಿವೆ. ‘ಮಾ’ ಎಂದರೆ ಲಕ್ಷ್ಮಿ. ಆಕೆಯ ಪತಿಯಾದುದರಿಂದ ವಿಷ್ಣು ಮಾಧವ. ‘ಮಾ’ ಎಂಬ ಧಾತುವಿಗೆ ಅಳೆಯುವುದೆಂಬ ಅರ್ಥ. ಮಾನ, ಮಾತ್ರೆ, ಪ್ರಮಾಣಗಳು ಅಲ್ಲಿಂದ ಬಂದವು. ಆದರೆ ಕನ್ನಡದ ‘ಮಾಮರ’ದಲ್ಲಿರುವ ‘ಮಾ’ ಇವಾವುದೂ ಅಲ್ಲ, ಅದು ಮಾವು. ತಮಿಳಿನಲ್ಲಿಯೂ ‘ಮಾ’ ಎಂದರೆ ಮಾವು. ಬಂಗಾಳದಲ್ಲಿ ‘ಮಾ’ ಎಂದು ಕರೆದರೆ ತಾಯಿ ಓಗೊಡುತ್ತಾಳೆ. ಚೀನೀ ಭಾಷೆಯಲ್ಲಂತೂ ಸ್ವರದ ಏರಿಳಿತವೇ ಅರ್ಥವನ್ನು ನಿರ್ಣಯಿಸುತ್ತದೆ: ಒಂದು ರೀತಿ ನುಡಿದರೆ ತಾಯಿ, ಇನ್ನೊಂದು ರೀತಿ ಸೆಣಬಿನಂಥ ನಾರಿನ ಗಿಡ, ಮತ್ತೊಂದು ರೀತಿ ಕುದುರೆ, ನಾಲ್ಕನೆಯದು ಬಯ್ಯುವುದು.

ತಾಯಿಯನ್ನು ಕುರಿತ ಪದಗಳಲ್ಲಿ ‘ಮ’ಕಾರ ಅನೇಕ ಭಾಷೆಗಳಲ್ಲಿ ಕಾಣುವುದೇಕೆ? ಎಲ್ಲವೂ ಒಂದೇ ಮೂಲದವೇ? ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರಲ್ಲಿ ಇದಕ್ಕೆ ಬೇರೊಂದು ಕಾರಣವನ್ನು ಸೂಚಿಸಿದರು. ತುಟಿಗಳನ್ನು ಒತ್ತಿ ಮೊಲೆಯುಣ್ಣುವ ಶಿಶು ಮೂಗಿನಿಂದ ಮಾತ್ರ ದನಿ ಹೊರಡಿಸಬಲ್ಲುದು. ಮುಂದೆ ಹಾಲಿಗಾಗಿ ಹಂಬಲಿಸುವಾಗಲೂ ಅದೇ ದನಿ ಬರುತ್ತದೆ. ಅದಕ್ಕೆ ಅರ್ಥವನ್ನು ಕೊಟ್ಟವರು ಕೇಳಿದ ಹಿರಿಯರು. ಆ ಅರ್ಥವೂ ಎಲ್ಲೆಡೆ ಒಂದೇ ಅಲ್ಲ: ಕಾಕಸಸ್ ಸೀಮೆಯ ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ನಮ್ಮಲ್ಲಿ ಮಾಮ ತಾಯಿಯ ಸೋದರ.

ಆದುದರಿಂದ, ಎರಡು ಭಾಷೆಗಳ ಪದಗಳು ಕಿವಿಗೆ ಒಂದೇ ಆಗಿ ಕೇಳಿದ ಮಾತ್ರಕ್ಕೆ ನಂಟು ಕಟ್ಟಲಾಗದು. ಹಳಗನ್ನಡದಲ್ಲಿ ‘ಮಾಣ್’ ಎಂದರೆ ನಿಲ್ಲು, ಬಿಡು. ಇದನ್ನು ಸಂಸ್ಕೃತದ ನಿಷೇಧಾರ್ಥದ ‘ಮಾ’ದಿಂದ ತರುವ ಆಸೆ ಯಾರಿಗಾದರೂ ಆದೀತು, ಆದರೆ ಅಷ್ಟು ಸಾದೃಶ್ಯ ಸಾಕ್ಷಿಯಾಗದು. ನಂಟಿಗೆ ಬೇಕಾದುದು ನಿಯತವಾದ ವ್ಯತ್ಯಾಸ. ತಮಿಳಿನ ಪಾಲ್, ಪುಲಿ, ಪಲ್ ನಮ್ಮಲ್ಲಿ ಹಾಲು, ಹುಲಿ, ಹಲ್ಲು. ಪಕಾರವಿದ್ದೆಡೆ ಸಾಲುಸಾಲಾಗಿ ಹಕಾರ ಬಂದಿದೆ. ರೂಪ ಬೇರೆಯಾದರೂ ಇವು ಒಡಹುಟ್ಟಿದವು.

ಯಾವ ಪದ ಯಾರದು, ಯಾರು ಯಾರಿಂದ ಪಡೆದರು ಎಂಬ ವಾದಗಳು ನಮ್ಮಲ್ಲಿ ಬಿಸಿಯೇರುವುದುಂಟು. ಅಂಥಲ್ಲಿ ತೀರ್ಪನ್ನು ಕಿವಿಯೊಂದಕ್ಕೇ ಬಿಟ್ಟರೆ, ನೀರು ಬೇಡವೆಂದವಳಿಗೆ ಮೋದಕ ತರಿಸಿದ ಅರಸನ ಪಾಡೇ ನಮ್ಮದೂ ಆದೀತು.